ಅಯಸ್ಕಾಂತದ ಬಲವೂ ಶಕ್ತಿಯ ಲೆಕ್ಕವೂ

ವಿಜ್ಞಾನ ವಸ್ತುಪ್ರದರ್ಶನದ ದಿನಗಳು ಸಮೀಪಿಸಿದಾಗ ಒಬ್ಬನಾದರೂ ವಿದ್ಯಾರ್ಥಿ ಗಾಡಿಯೊಂದರ ಚಿತ್ರವನ್ನು ಬರೆದು ತರುವುದುಂಟು. ಗಾಡಿಯ ಮುಂಭಾಗದಲ್ಲಿ ಕಬ್ಬಿಣದ ತಗಡು. ಅದರ ಮುಂದೆ, ಗಾಡಿಗೇ ಬಿಗಿದ ಕೋಲಿನ ತುದಿಯಲ್ಲಿ, ಪ್ರಬಲವಾದೊಂದು ಅಯಸ್ಕಾಂತ. ಅಯಸ್ಕಾಂತವು ತಗಡನ್ನು ಸೆಳೆಯುವುದು, ಗಾಡಿ ಮುನ್ನಡೆಯುವುದು, ಪೆಟ್ರೋಲಿನ ಖರ್ಚಿಲ್ಲ! ಇದನ್ನು ಕಂಡು ನಕ್ಕುಬಿಡುವುದು ಅಧ್ಯಾಪಕನಿಗೆ ತಕ್ಕುದಲ್ಲ. ತಗಡು ಕೂಡ ಅಯಸ್ಕಾಂತವನ್ನು ಅಷ್ಟೇ ಬಲದಿಂದ ಹಿಂದಕ್ಕೆ ಸೆಳೆಯುವುದೆಂದು ನ್ಯೂಟನ್ನನ ಮೂರನೆಯ ನಿಯಮವನ್ನು ಹೇಳಿದರೆ ಆ ಗಾಡಿಯೇನೋ ನಿಲ್ಲುತ್ತದೆ. ಹುಡುಗನ ಮನಸ್ಸಿನ ಮೂಲ ಭ್ರಮೆ ಅಳಿಯುವುದಿಲ್ಲ. ಮರುವರ್ಷ ಅವನೇ ಅಯಸ್ಕಾಂತಗಳನ್ನು ಜೋಡಿಸಿದ ಚಕ್ರವೊಂದನ್ನು ತರುತ್ತಾನೆ.

ಈ ಭ್ರಮೆಗೆ ನಮ್ಮ ಮಾತೂ ಒಂದು ಕಾರಣ. 'ಆಕರ್ಷಣ ಶಕ್ತಿ', 'ಗುರುತ್ವಾಕರ್ಷಣ ಶಕ್ತಿ' ಎಂದು ನಾವು ಸಲೀಸಾಗಿ ಹೇಳುತ್ತೇವೆ. ಶಾಸ್ತ್ರದಲ್ಲಿ ಸೆಳೆತವು ಬಲ. ಅದರ ಮಾನ ನ್ಯೂಟನ್. ಶಕ್ತಿಯೆಂಬುದು ಕೆಲಸ ಮಾಡುವ ಸಾಮರ್ಥ್ಯ. ಅದರ ಮಾನ ಜೂಲ್. ಬಲವಿದ್ದಲ್ಲೆಲ್ಲ ಶಕ್ತಿಯ ವ್ಯಯವಿರಬೇಕಾದುದಿಲ್ಲ. ಮೇಜು ಪುಸ್ತಕವನ್ನು ವರ್ಷಗಟ್ಟಲೆ ಹೊತ್ತಿದ್ದರೂ ಅದರಿಂದ ಏನೂ ವ್ಯಯವಾಗದು. ಉಕ್ಕಿನ ಕಪಾಟಿಗೆ ಅಂಟಿಕೊಂಡ ಅಯಸ್ಕಾಂತದ ಸಂಗತಿಯೂ ಅದೇ. (ಶರಣರ ಕಾಯಕಕ್ಕೂ ಜೂಲಿನಲ್ಲಿ ಅಳೆಯುವ ಕೆಲಸಕ್ಕೂ ಗಂಟುಹಾಕುವ ಉತ್ಸಾಹವನ್ನು ಪಾಠದ ವೇಳೆ ತಡೆದುಕೊಳ್ಳುವುದು ಲೇಸು.)

ಹಾಗಾದರೆ ಅಯಸ್ಕಾಂತವು ಮೊಳೆಯನ್ನು ಮೇಲೆತ್ತುವಾಗ ನಡೆಯುವುದೇನು? 10 ಗ್ರಾಂ ತೂಕದ ಮೊಳೆ 2 ಸೆಂಟಿಮೀಟರ್ ಮೇಲೇರಿದರೆ ಸುಮಾರು 0.002 ಜೂಲ್ ಕೆಲಸವಾದಂತಾಯಿತು. ಇಲ್ಲಿ ಶಕ್ತಿ ನಿಜವಾಗಿಯೂ ವಿನಿಯೋಗವಾಗಿದೆ. ಅದು ಕಾಂತಕ್ಷೇತ್ರದಲ್ಲಿ ಅಡಗಿದ್ದುದು. ಆದರೆ ಇನ್ನೊಮ್ಮೆ ಎತ್ತಿಸಬೇಕಾದರೆ ಮೊದಲು ಆ ಮೊಳೆಯನ್ನು ಕಿತ್ತು ದೂರ ಒಯ್ಯಬೇಕು. ಆಗ ಕೈ ಮಾಡುವ ಕೆಲಸವು ಪಡೆದ ಲಾಭವನ್ನು ಪೂರ್ತಿಯಾಗಿ ಹಿಂದಿರುಗಿಸುತ್ತದೆ. ಒಂದು ಸುತ್ತು ಮುಗಿದಾಗ ಉಳಿಯುವುದು ಸೊನ್ನೆ. ಘರ್ಷಣೆಯನ್ನು ಸೇರಿಸಿದರೆ ನಷ್ಟವೇ. ಹುಡುಗನ ಚಕ್ರವು ನಿಲ್ಲುವುದು ಈ ಕಾರಣದಿಂದ, ಅಯಸ್ಕಾಂತ ದುರ್ಬಲವೆಂದಲ್ಲ.

1831ರಲ್ಲಿ ಮೈಕೇಲ್ ಫ್ಯಾರಡೆ ತಂತಿಯ ಸುರುಳಿಯ ಬಳಿ ಅಯಸ್ಕಾಂತವನ್ನು ಚಲಿಸಿ ವಿದ್ಯುತ್ತನ್ನು ಪಡೆದನು. ಅಲ್ಲಿಯೂ ವಿದ್ಯುತ್ತು ಅಯಸ್ಕಾಂತದ ದಾನವಲ್ಲ, ಚಲಿಸಿದ ಕೈಯದು. ಉತ್ಪನ್ನವಾದ ಪ್ರವಾಹವು ತನ್ನ ಕಾರಣವನ್ನೇ ವಿರೋಧಿಸುವುದೆಂದು 1834ರಲ್ಲಿ ಲೆಂಜ್ ನಿರೂಪಿಸಿದನು. ಇದನ್ನು ಸೈಕಲ್ಲಿನ ಡೈನಮೋದಿಂದಲೇ ತೋರಿಸಬಹುದು. ಡೈನಮೋವನ್ನು ಟೈರಿನಿಂದ ದೂರ ಸರಿಸಿ ಹೋಲಿಸುವುದು ಸರಿಯಲ್ಲ; ಘರ್ಷಣೆ ಲೆಕ್ಕವನ್ನು ಕೆಡಿಸುತ್ತದೆ. ಅದನ್ನು ಟೈರಿಗೆ ತಾಗಿಸಿಯೇ ಇಟ್ಟು, ದೀಪದ ತಂತಿಯನ್ನು ಒಮ್ಮೆ ಬಿಚ್ಚಿ, ಒಮ್ಮೆ ಸೇರಿಸಿ, ಪೆಡಲನ್ನು ಕೈಯಿಂದ ತಿರುಗಿಸಬೇಕು. ದೀಪ ಹೊತ್ತಿದೊಡನೆ ಪೆಡಲು ಭಾರವಾಗುವುದನ್ನು ಕೈಯೇ ತಿಳಿಯುತ್ತದೆ. ಅಷ್ಟಾದ ಮೇಲೆ ನಿಯಮವನ್ನು ಹಲಗೆಯ ಮೇಲೆ ಬರೆಯಲಿ.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರ ಹರಿದ ವಿದ್ಯುತ್ತಿಗೂ, 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿದ ವಿದ್ಯುತ್ತಿಗೂ ಇದೇ ಲೆಕ್ಕ. ವಿದ್ಯುಜ್ಜನಕದೊಳಗಿನ ಕಾಂತಕ್ಷೇತ್ರವು ಶಕ್ತಿಯ ರೂಪವನ್ನು ಬದಲಿಸುವ ಮಧ್ಯವರ್ತಿ ಮಾತ್ರ. ಬೆಲೆ ತೆತ್ತದ್ದು ಕಾವೇರಿಯ ನೀರು. ಸಾವಿರ ಲೀಟರ್ ನೀರು 100 ಮೀಟರ್ ಕೆಳಗೆ ಬಿದ್ದರೆ 9.8 ಲಕ್ಷ ಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಆ ನೀರನ್ನು ಅಷ್ಟೆತ್ತರಕ್ಕೆ ಏರಿಸಿದವರಾರೆಂದು ತರಗತಿಯಲ್ಲಿ ಕೇಳಿ ನೋಡಬೇಕು. ಮೋಡವೆಂದು ಒಬ್ಬರು, ಗಾಳಿಯೆಂದು ಒಬ್ಬರು ಹೇಳುತ್ತಾರೆ; ಸೂರ್ಯನ ಹೆಸರು ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆ.