ಶಂಖಪುಷ್ಪ: ಬಣ್ಣ ಬೇರೆ, ಬಳ್ಳಿ ಒಂದೇ

ಸಹಪಾಠಿಗಳೇ, ಈ ತಿಂಗಳ ಗೋಡೆಪತ್ರಿಕೆಗೆ ನಮ್ಮ ಬೇಲಿಯ ಮೇಲಿನ ಹೂವನ್ನೇ ವಿಷಯವಾಗಿ ಆರಿಸಿಕೊಂಡಿದ್ದೇನೆ.

ಶಂಖಪುಷ್ಪವನ್ನು ನೋಡದವರು ನಮ್ಮಲ್ಲಿ ಯಾರೂ ಇಲ್ಲ. ಬೆಳಗ್ಗೆ ಪೂಜೆಗೆ ಬಿಡಿಸುತ್ತೇವೆ, ಸಂಜೆ ಹೊತ್ತಿಗೆ ಬಳ್ಳಿಯಲ್ಲಿ ಉಳಿದ ಹೂ ಮುದುಡಿರುತ್ತದೆ. ಇದಕ್ಕೆ ಗಿರಿಕರ್ಣಿಕೆ ಅಂತಲೂ ಹೆಸರು. ಇಂಗ್ಲಿಷಿನಲ್ಲಿ ‘ಬ್ಲೂಬೆಲ್ ವೈನ್’, ಅಂದರೆ ನೀಲಿ ಗಂಟೆಯ ಬಳ್ಳಿ ಅಂತಾರೆ. ಇಂಗ್ಲೆಂಡಿನ ಕಾಡಿನಲ್ಲಿ ಬೆಳೆಯುವ ಬ್ಲೂಬೆಲ್ ಮಾತ್ರ ಗೆಡ್ಡೆಯಿಂದ ಬರುವ ಬೇರೆಯೇ ಗಿಡ. 1753ರಲ್ಲಿ ಸ್ವೀಡನ್ನಿನ ಲಿನೇಯಸ್ ನಮ್ಮ ಬಳ್ಳಿಗೆ ‘ಕ್ಲಿಟೋರಿಯ ಟರ್ನೇಟಿಯ’ ಎಂದು ಹೆಸರಿಟ್ಟನು. ಇಂಡೊನೇಷ್ಯದ ಟರ್ನಾಟೆ ದ್ವೀಪದಿಂದ ಈ ಹೆಸರು ಬಂದಿದೆ.

ನೀಲಿ ಹೂವಿನದು ಒಂದು ಗಿಡ, ಬಿಳಿಯದು ಇನ್ನೊಂದು, ಸುತ್ತು ಹೂವಿನದು ಮೂರನೆಯದು ಅಂತ ತರಗತಿಯಲ್ಲಿ ವಾದ ಆಗುತ್ತಿರುತ್ತದೆ. ಹಾಗಲ್ಲ. ಮೂರೂ ಒಂದೇ ಜಾತಿ. ಗಿಡವನ್ನು ಬಣ್ಣದಿಂದ ಗುರುತಿಸಬಾರದು, ರಚನೆಯಿಂದ ಗುರುತಿಸಬೇಕು.

ಗುರುತಿಸುವುದು ಹೇಗೆ?

1. ಎಲೆ: ಒಂದೇ ಕಡ್ಡಿಗೆ ಸಾಮಾನ್ಯವಾಗಿ 5 ಅಥವಾ 7 ಚಿಕ್ಕ ಎಲೆಗಳು. ತುದಿಯಲ್ಲಿ ಒಂಟಿ ಎಲೆ.

2. ಕಾಯಿ: ಬೆರಳುದ್ದ, ಚಪ್ಪಟೆ, ಅವರೆಗಿಂತ ಸಪೂರ. ಒಣಗಿದರೆ ಸಿಡಿದು ಎರಡು ಹೋಳಾಗಿ ಸುರುಳಿಯಾಗುತ್ತದೆ. ಇದರಿಂದಲೇ ಇದು ಅವರೆ, ತೊಗರಿ, ಬಟಾಣಿಯ ಕುಟುಂಬದ್ದು ಅಂತ ತಿಳಿಯುತ್ತದೆ.

3. ಹೂ: ಅವರೆ ಹೂವಿನಲ್ಲಿ ದೊಡ್ಡ ದಳ ಬಾವುಟದ ಹಾಗೆ ಮೇಲಕ್ಕೆ ನಿಂತಿರುತ್ತದೆ. ಶಂಖಪುಷ್ಪದ ಹೂ ತಲೆಕೆಳಗು. ದೊಡ್ಡ ದಳ ಕೆಳಗೆ ಹರಡಿಕೊಂಡು ದುಂಬಿಗೆ ಮಣೆ ಹಾಕಿದಂತೆ ಇರುತ್ತದೆ. ಕೇಸರಗಳು ಮೇಲ್ಗಡೆ. ಹಾಗಾಗಿ ಹೂವಿನೊಳಗೆ ನುಗ್ಗಿದ ದುಂಬಿಯ ಬೆನ್ನಿಗೆ ಪರಾಗ ಅಂಟುತ್ತದೆ.

ಬಿಳಿ ಹೂವಿನ ಬಳ್ಳಿಯಲ್ಲೂ ಇದೇ ಎಲೆ, ಇದೇ ಕಾಯಿ, ಇದೇ ತಲೆಕೆಳಗಾದ ಹೂ. ಬೇಕಾದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಬಿಳಿ ಯಾಕೆ? ಸುತ್ತು ಯಾಕೆ?

ನೀಲಿ ಹೂವಿನಲ್ಲಿ ಆಂಥೋಸಯನಿನ್ ಎಂಬ ವರ್ಣದ್ರವ್ಯ ಇದೆ. ಬಿಳಿ ಬಳ್ಳಿಯ ದಳದಲ್ಲಿ ಅದು ತಯಾರಾಗುವುದಿಲ್ಲ. ಎಲೆಯ ಹಸಿರು ಪತ್ರಹರಿತ್ತಿನದು, ಅದೇ ಬೇರೆ ಲೆಕ್ಕ. ಆದ್ದರಿಂದ ಎಲೆಗೆ ಏನೂ ಕೊರತೆ ಇಲ್ಲ.

ಇದನ್ನು ಎಲ್ಲರೂ ಪರೀಕ್ಷೆ ಮಾಡಬಹುದು. ನಾಲ್ಕು ನೀಲಿ ಹೂವನ್ನು ಬಿಸಿನೀರಿಗೆ ಹಾಕಿ. ನೀರು ನೀಲಿಯಾಗುತ್ತದೆ. ನಿಂಬೆರಸ ಹಿಂಡಿದರೆ ನೇರಳೆಗೆ ತಿರುಗುತ್ತದೆ. ಬೇರೆ ಲೋಟದಲ್ಲಿ ವಾಷಿಂಗ್ ಸೋಡಾ ಹಾಕಿದರೆ ಹಸಿರಾಗುತ್ತದೆ. ಆಮ್ಲ, ಪ್ರತ್ಯಾಮ್ಲದ ಪಾಠಕ್ಕೆ ಲಿಟ್ಮಸ್ ಕಾಗದ ಮುಗಿದಿದ್ದರೆ ಇದೇ ಸಾಕು. ಬಿಳಿ ಹೂವಿನ ನೀರು ಹೀಗೆ ನೀಲಿಯಾಗುವುದಿಲ್ಲ, ನೇರಳೆಯೂ ಆಗುವುದಿಲ್ಲ.

ಸುತ್ತು ಹೂವಿನ ಕಥೆ ಇನ್ನೂ ಸ್ವಾರಸ್ಯ. ಸಾದಾ ಹೂವಿನಲ್ಲಿ ಐದು ದಳ: ಒಂದು ದೊಡ್ಡ ಬಾವುಟ, ಎರಡು ರೆಕ್ಕೆ, ಎರಡು ಸೇರಿ ಒಂದು ದೋಣಿ. ಸುತ್ತು ಹೂವಿನಲ್ಲೂ ದಳ ಐದೇ! ಆದರೆ ರೆಕ್ಕೆಯೂ ದೋಣಿಯೂ ಬಾವುಟದ ಆಕಾರವನ್ನೇ ತಾಳಿವೆ. ಅದಕ್ಕೇ ಹೂ ತುಂಬಿಕೊಂಡ ಹಾಗೆ ಕಾಣುತ್ತದೆ. ನಾನು ಒಂದು ಹೂವನ್ನು ಬಿಡಿಸಿ ಐದು ದಳವನ್ನೂ ಇಲ್ಲಿ ಪಕ್ಕದಲ್ಲಿ ಅಂಟಿಸಿದ್ದೇನೆ, ಎಣಿಸಿ ನೋಡಿ.

ಗುಣ ಹೇಗೆ ಅಡಗಿಕೊಂಡು ಬರುತ್ತದೆ ಎಂಬುದನ್ನು ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಬಟಾಣಿಯ ಪ್ರಯೋಗದಿಂದ ತಿಳಿಯಬಹುದು. ನೇರಳೆ ಹೂವಿನದನ್ನೂ ಬಿಳಿ ಹೂವಿನದನ್ನೂ ಕೂಡಿಸಿದಾಗ ಮಕ್ಕಳೆಲ್ಲ ನೇರಳೆ. ಮೊಮ್ಮಕ್ಕಳಲ್ಲಿ 705 ನೇರಳೆ, 224 ಬಿಳಿ. ಬಿಳಿ ಅಳಿದಿರಲಿಲ್ಲ, ಒಂದು ತಲೆಮಾರು ಅಡಗಿತ್ತು.

ಎಚ್ಚರಿಕೆ

ಹೆಸರು ನಂಬಿ ಮೋಸ ಹೋಗಬಾರದು. ‘ಶಂಖಪುಷ್ಪಿ’ ಎಂಬ ಔಷಧಿಯ ಹೆಸರಿನಲ್ಲಿ ಬೇರೆ ಬೇರೆ ಸೀಮೆಯಲ್ಲಿ ಬೇರೆ ಬೇರೆ ಗಿಡ ಬಳಸುತ್ತಾರೆ. ಅದರಲ್ಲಿ ವಿಷ್ಣುಕ್ರಾಂತಿಯೂ ಒಂದು. ಅದರದೂ ನೀಲಿ ಹೂವೇ. ಆದರೆ ಅದು ನೆಲಕ್ಕೆ ಹಬ್ಬುವ ಸಣ್ಣ ಗಿಡ, ಎಲೆ ಬಿಡಿ ಬಿಡಿ, ಮೈಮೇಲೆ ನವಿರು ಕೂದಲು, ಹೂ ದುಂಡಗೆ ಪುಟ್ಟದು. ಅದು ಗೆಣಸಿನ ಕುಟುಂಬದ್ದು. ನಮ್ಮ ಬಳ್ಳಿಯ ಬೇರು, ಬೀಜಕ್ಕೆ ಭೇದಿ ಮಾಡಿಸುವ ಗುಣವಿದೆ. ಯಾರೋ ಹೇಳಿದರು ಅಂತ ಕಿತ್ತು ಅರೆದು ಕುಡಿಯಬೇಡಿ. ಚಿಕ್ಕ ತಮ್ಮ ತಂಗಿಯರು ಬೀಜ ಬಾಯಿಗೆ ಹಾಕದ ಹಾಗೆ ನೋಡಿಕೊಳ್ಳಿ.

ಬೆಳೆಸುವುದು ಹೇಗೆ?

ಬೀಜದ ಸಿಪ್ಪೆ ಬಲು ಗಟ್ಟಿ. ನೀರು ಬೇಗ ಒಳಗೆ ಇಳಿಯದು. ಒರಟು ಕಲ್ಲಿನ ಮೇಲೆ ಒಂದು ಕಡೆ ಮೆಲ್ಲಗೆ ಉಜ್ಜಿ, ರಾತ್ರಿ ನೀರಲ್ಲಿ ನೆನೆಸಿ ಹಾಕಬೇಕು. ನಾನು ಹತ್ತು ಬೀಜ ಹೀಗೆ, ಹತ್ತು ಬೀಜ ಹಾಗೇ ಹಾಕಿ ನೋಡಿದೆ. ಉಜ್ಜಿದವೇ ಮೊದಲು ಮೊಳೆತವು. ಬೆರಳಿನ ಒಂದು ಗೆಣ್ಣಿನಷ್ಟು ಆಳ ಸಾಕು. ಬಿಸಿಲು ಚೆನ್ನಾಗಿ ಬೀಳಬೇಕು, ಹಬ್ಬಲು ಕಡ್ಡಿಯೋ ಬೇಲಿಯೋ ಬೇಕು. ನೀರು ನಿಲ್ಲಬಾರದು. ಗೊಬ್ಬರ ಹೆಚ್ಚು ಬೇಡ. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ.

ಕಾಯಿ ಕಂದು ಬಣ್ಣಕ್ಕೆ ತಿರುಗಿದ ಕೂಡಲೇ ಬಿಡಿಸಬೇಕು. ತಡ ಮಾಡಿದರೆ ಸಿಡಿದು ಬೀಜ ಮಣ್ಣುಪಾಲು.

ಒಂದು ಕೋರಿಕೆ

ಶಾಲೆಯ ಹಿಂದಿನ ಬೇಲಿಯನ್ನು ಬೇಸಿಗೆ ರಜೆಯಲ್ಲಿ ಕಿತ್ತು ಕಾಂಪೌಂಡ್ ಕಟ್ಟುತ್ತಾರಂತೆ. ಕಟ್ಟಲಿ, ದನ ನುಗ್ಗಿ ನಾವು ಹಾಕಿದ ಗಿಡ ಮೇಯುವುದು ತಪ್ಪುತ್ತದೆ. ಆದರೆ ನಾನು ಊರಿನ ಬೇಲಿಗಳನ್ನೆಲ್ಲ ಸುತ್ತಿ ನೋಡಿದ್ದೇನೆ, ಸುತ್ತು ಹೂವಿನ ಬಳ್ಳಿ ಇರುವುದು ಅಲ್ಲಿ ಒಂದೇ ಕಡೆ. ಈಗ ಅದರಲ್ಲಿ ಕಾಯಿ ಇದೆ. ಈ ವಾರ ಪೂಜೆಗೆ ಹೂ ಬಿಡಿಸುವವರು ಆ ಬಳ್ಳಿಯನ್ನು ಬಿಟ್ಟು ಬೇರೆ ಕಡೆ ಬಿಡಿಸಿ. ಒಣಗಿದ ಕಾಯಿಯನ್ನು ನೀಲಿ, ಬಿಳಿ, ಸುತ್ತು ಎಂದು ಬೇರೆ ಬೇರೆ ಪೊಟ್ಟಣ ಕಟ್ಟಿ, ಮೇಲೆ ಹೆಸರು, ತಾರೀಖು ಬರೆದು ವಿಜ್ಞಾನದ ಮೇಷ್ಟ್ರ ಕಪಾಟಿನಲ್ಲಿ ಇಡೋಣ. ಮಳೆ ಶುರುವಾದ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಎರಡೆರಡು ಬೀಜ ಹಾಕಿದರೂ ಸಾಕು.

ಈ ಸಲದ ಪ್ರಶ್ನೆ: ಶಂಖಪುಷ್ಪದ ಹಾಗೆ ತಲೆಕೆಳಗಾಗಿರುವ ಹೂ ಅವರೆ, ತೊಗರಿ, ಅಲಸಂದೆಗಳಲ್ಲಿ ಯಾವುದರಲ್ಲಾದರೂ ಇದೆಯೇ? ಹೊಲಕ್ಕೆ ಹೋಗಿ ನೋಡಿ, ಚಿತ್ರ ಬರೆದು ಸೋಮವಾರದೊಳಗೆ ಕೊಡಿ. ಚೆನ್ನಾಗಿರುವ ಚಿತ್ರವನ್ನು ಮುಂದಿನ ಸಂಚಿಕೆಯಲ್ಲಿ ಅಂಟಿಸುತ್ತೇವೆ.