ಆರು ಕಂಪ್ಯೂಟರ್, ಒಂದು ಪ್ರೋಗ್ರಾಂ: ಇಂಟರ್ನೆಟ್ ಇಲ್ಲದ ಲ್ಯಾಬಿನಲ್ಲಿ ಗಿಟ್ ಪಾಠ

ಬೋಧನಾಭ್ಯಾಸದ ಎರಡನೇ ಹಂತದಲ್ಲಿ ಕಾಪುವಿನ ಒಂದು ಪ್ರೌಢಶಾಲೆಯ ಒಂಬತ್ತನೇ ತರಗತಿಗೆ ಗಣಿತ, ಭೌತವಿಜ್ಞಾನದ ಜೊತೆ ವಾರಕ್ಕೆ ಎರಡು ಕಂಪ್ಯೂಟರ್ ಅವಧಿಗಳು ನನ್ನ ಪಾಲಿಗೆ ಬಂದವು. ಲ್ಯಾಬಿನಲ್ಲಿ ಕೆಲಸ ಮಾಡುವ ಕಂಪ್ಯೂಟರ್‌ಗಳು ಆರು. ನಾಲ್ಕರಲ್ಲಿ ಉಬುಂಟು, ಎರಡರಲ್ಲಿ ವಿಂಡೋಸ್. ಇಂಟರ್ನೆಟ್ ಇರುವುದು ಆಫೀಸು ಕೋಣೆಯಲ್ಲಿ ಮಾತ್ರ. ಒಂದು ಅವಧಿಯಲ್ಲಿ ಈ ಬೆಂಚಿಗೆ ಕುಳಿತ ಮಕ್ಕಳು ಮುಂದಿನ ಅವಧಿಗೆ ಆ ಬೆಂಚಿಗೆ ಹೋಗಬೇಕಾಗುತ್ತದೆ. ಹೀಗಾಗಿ ಅವರ ಪೈಥಾನ್ ಪ್ರೋಗ್ರಾಂಗಳು ಪೆನ್‌ಡ್ರೈವ್‌ನಲ್ಲಿ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಿರುಗುತ್ತಿದ್ದವು. ಪೆನ್‌ಡ್ರೈವ್ ತೆರೆದರೆ ‘ದೀಪ’, ‘ದೀಪ ಹೊಸತು’, ‘ದೀಪ ಕೊನೆ’, ‘ದೀಪ ಕೊನೆ 2’.

ನಾನು ಹೋಗುವ ಮೊದಲಿನ ವಾರ ಒಬ್ಬ ಹುಡುಗಿಯ ಮೂರು ಅವಧಿಗಳ ಕೆಲಸದ ಮೇಲೆ ಅದೇ ಹೆಸರಿನ ಇನ್ನೊಂದು ಗುಂಪಿನ ಕಡತ ಪೇಸ್ಟ್ ಆಗಿತ್ತು. ಅವಳ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಶಾಲೆಯಲ್ಲಿ ಬರೆದದ್ದೇ ಅವಳ ಬಳಿ ಇದ್ದದ್ದು. ತಪ್ಪು ಯಾರದ್ದೆಂದು ಹೇಳಲು ಯಾವ ದಾಖಲೆಯೂ ಇರಲಿಲ್ಲ. ಮಕ್ಕಳು ಮಾತ್ರ ಆಗಲೇ ಒಬ್ಬನನ್ನು ತೀರ್ಮಾನಿಸಿಬಿಟ್ಟಿದ್ದರು. ಆವೃತ್ತಿ ನಿಯಂತ್ರಣವನ್ನು, ಅಂದರೆ ಕಡತದ ಪ್ರತಿಯೊಂದು ಬದಲಾವಣೆಯನ್ನೂ ಲೆಕ್ಕವಿಟ್ಟು ಕಾಯುವ ವ್ಯವಸ್ಥೆಯನ್ನು, ಪಾಠದ ವಿಷಯವಾಗಿ ಆರಿಸಿಕೊಳ್ಳಲು ಇದೇ ಕಾರಣ. ಪಠ್ಯಪುಸ್ತಕದಲ್ಲಿ ಇಲ್ಲದ್ದಕ್ಕೆ ಅವಧಿ ಖರ್ಚು ಮಾಡಬೇಕೇ ಎಂದು ಮಾರ್ಗದರ್ಶಕ ಶಿಕ್ಷಕರು ಕೇಳಿದರು. ಆ ಹುಡುಗಿಯ ಕಡತದ ಸಂಗತಿ ತಿಳಿದ ಮೇಲೆ ಎರಡು ಅವಧಿ ಕೊಟ್ಟರು.

ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿ ದಿನವೂ ಗಿಟ್ ಬಳಸುತ್ತಾಳೆ. “ಎಲ್ಲರಿಗೂ ಗಿಟ್‌ಹಬ್ ಖಾತೆ ಮಾಡಿಸಿಬಿಡು ಅಕ್ಕ, ಮತ್ತೆ ತಲೆಬಿಸಿ ಇಲ್ಲ” ಎಂಬುದು ಅವಳ ಸಲಹೆ. ಅವಳ ಹಾಸ್ಟೆಲಿಗೆ ಅದು ಸರಿ. ನಮ್ಮ ಲ್ಯಾಬಿನಲ್ಲಿ ಇಂಟರ್ನೆಟ್ಟೇ ಇಲ್ಲ. ಇದ್ದರೂ, ಗಿಟ್‌ಹಬ್ ಖಾತೆಗೆ 13 ವರ್ಷ ತುಂಬಿರಬೇಕು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18ರ ಒಳಗಿನವರೆಲ್ಲ ಮಕ್ಕಳು, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಹಲವರು ಗಿಟ್ ಮತ್ತು ಗಿಟ್‌ಹಬ್ ಒಂದೇ ಎಂದುಕೊಂಡಿದ್ದಾರೆ. ಗಿಟ್ ನಮ್ಮ ಕಂಪ್ಯೂಟರಿನಲ್ಲೇ ಓಡುವ ತಂತ್ರಾಂಶ. ಗಿಟ್‌ಹಬ್ ಅದರ ಸಂಗ್ರಹಗಳನ್ನು ಇಡಲು ಜಾಗ ಕೊಡುವ ಒಂದು ಕಂಪನಿ. ಗಿಟ್‌ಗೆ ಬೇಕಾದದ್ದು ಎಲ್ಲ ಕಂಪ್ಯೂಟರ್‌ಗಳೂ ತಲುಪಬಲ್ಲ ಒಂದು ಜಾಗ. ಅದು ಅಮೆರಿಕದ ಸರ್ವರ್ ಆಗಬಹುದು, ಪೆನ್‌ಡ್ರೈವ್ ಕೂಡ ಆಗಬಹುದು.

ಪೂರ್ವಜ್ಞಾನ ಪರೀಕ್ಷೆಗೆ ತುಳು ವಿಕಿಪೀಡಿಯದ ಒಂದು ಪುಟದ ಇತಿಹಾಸವನ್ನು ಮುದ್ರಿಸಿ ಗುಂಪಿಗೊಂದರಂತೆ ಹಂಚಿದೆ. 2016ರ ಆಗಸ್ಟ್‌ನಲ್ಲಿ ಆರಂಭವಾದ ಈ ವಿಶ್ವಕೋಶದಲ್ಲಿ ಯಾವ ಪುಟವನ್ನು ಯಾರು, ಯಾವ ದಿನ, ಎಷ್ಟು ಬದಲಿಸಿದರು ಎಂಬ ಪಟ್ಟಿ ಪ್ರತಿ ಪುಟದ ಹಿಂದೆಯೂ ಉಂಟು. ಹಳೆಯ ಯಾವ ರೂಪಕ್ಕೂ ಮರಳಬಹುದು. ತಮ್ಮ ಭಾಷೆಯ ಪುಟ ಕಂಡದ್ದೇ ಮಕ್ಕಳು ತುಳುವಿಗೆ ತಿರುಗಿದರು. “ಏರ್ ಮಲ್ತಿನಿ?” ಎಂದು ಒಬ್ಬ ಕೇಳಿದ. ಯಾರು ಮಾಡಿದ್ದು ಎಂಬ ಆ ಪ್ರಶ್ನೆಯಿಂದಲೇ ಪಾಠಕ್ಕೆ ಪ್ರವೇಶ ಸಿಕ್ಕಿತು.

ವಿಕಿಪೀಡಿಯದ ಇತಿಹಾಸ ಅದರ ಸರ್ವರಿನಲ್ಲಿರುತ್ತದೆ. ಗಿಟ್‌ನಲ್ಲಿ ಹಾಗಲ್ಲ. 2005ರಲ್ಲಿ, ಲಿನಕ್ಸ್ ಬರೆಯುವವರು ಅದುವರೆಗೆ ಬಳಸುತ್ತಿದ್ದ ಬಿಟ್‌ಕೀಪರ್ ಉಚಿತವಾಗಿ ಸಿಗುವುದು ನಿಂತಾಗ, ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆದರು. ಊರೂರುಗಳಲ್ಲಿ ಕುಳಿತವರು ಒಂದೇ ಪ್ರೋಗ್ರಾಂ ತಿದ್ದಬೇಕಿತ್ತು. ಆದ್ದರಿಂದ ನಕಲು ಪಡೆದ ಪ್ರತಿ ಕಂಪ್ಯೂಟರಿಗೂ ಇಡೀ ಇತಿಹಾಸ ಬರುತ್ತದೆ. ನಮ್ಮ ಶಾಲೆಗೆ ಇದರ ಬೆಲೆ ಹೆಚ್ಚು. ಮಳೆಗಾಲದಲ್ಲಿ ಕರೆಂಟ್ ಹೋಗಿ ಒಂದು ಹಾರ್ಡ್‌ಡಿಸ್ಕ್ ಕೆಟ್ಟರೂ, ಪೆನ್‌ಡ್ರೈವ್ ಬಸ್ಸಿನಲ್ಲಿ ಬಿದ್ದುಹೋದರೂ, ಹಂಚಿಕೊಂಡ ಕೆಲಸ ಉಳಿದ ಕಂಪ್ಯೂಟರ್‌ಗಳಲ್ಲಿ ಇರುತ್ತದೆ.

ಸಿದ್ಧತೆ ಉಡುಪಿಯ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ನಡೆಯಿತು. ಪೆನ್‌ಡ್ರೈವ್‌ನಲ್ಲಿ ‘ಬೇರ್’ ರೆಪೊಸಿಟರಿ ಮಾಡಬೇಕು. ಅಂದರೆ ಅಲ್ಲಿ ಯಾರೂ ತೆರೆದು ತಿದ್ದುವ ಕಡತಗಳಿರುವುದಿಲ್ಲ, ಇತಿಹಾಸ ಮಾತ್ರ ಇರುತ್ತದೆ. ಪ್ರತಿ ಕಂಪ್ಯೂಟರ್ ಅದರಿಂದ ‘ಕ್ಲೋನ್’ ಪಡೆಯುತ್ತದೆ. ವಿಂಡೋಸ್‌ನಲ್ಲಿ ಒಂದು ತೊಡಕುಂಟು: ಪೆನ್‌ಡ್ರೈವ್‌ನ ಫ್ಯಾಟ್ ಮಾದರಿಯ ಫೈಲ್ ವ್ಯವಸ್ಥೆಯಲ್ಲಿ ಕಡತದ ಮಾಲೀಕ ಯಾರೆಂಬ ದಾಖಲೆ ಇಲ್ಲದ ಕಾರಣ, 2022ರ ನಂತರದ ಗಿಟ್ ಆವೃತ್ತಿಗಳು ಅನುಮಾನಪಟ್ಟು ನಿಲ್ಲುತ್ತವೆ. ‘ಸೇಫ್ ಡೈರೆಕ್ಟರಿ’ ಪಟ್ಟಿಗೆ ಆ ಜಾಗವನ್ನು ಒಮ್ಮೆ ಸೇರಿಸಿದರೆ ಸಾಕು. ‘ಪುಲ್ ಎಂದರೆ ಮರ್ಜ್’ ಎಂಬ ಹೊಂದಾಣಿಕೆಯನ್ನೂ ಮೊದಲೇ ಮಾಡಿಟ್ಟಿರಬೇಕು. ಕನ್ನಡದಲ್ಲಿ ಹೆಸರಿಟ್ಟ ಕಡತಗಳನ್ನು ಗಿಟ್ ಬರಿಯ ಅಂಕೆಗಳ ಸಾಲಾಗಿ ತೋರಿಸುತ್ತದೆ. ‘ಕೋಟ್‌ಪಾತ್’ ಎಂಬುದನ್ನು ಆರಿಸಿದರೆ ಅಕ್ಷರಗಳು ಬರುತ್ತವೆ. ಪ್ರತಿ ಬದಲಾವಣೆಯ ಜೊತೆ ಹೆಸರು, ಇಮೇಲ್ ದಾಖಲಾಗುವುದರಿಂದ ಮಕ್ಕಳ ಹೆಸರಿನ ಬದಲು ‘ಬೆಂಚು 1’, ‘ಬೆಂಚು 2’ ಎಂದು ಇಟ್ಟೆ.

ಆದೇಶಗಳನ್ನು ನಾಲ್ಕಕ್ಕೆ ಇಳಿಸಿದ್ದೆ. ಬದಲಾದ ಕಡತವನ್ನು ಆರಿಸಲು ‘ಆ್ಯಡ್’, ಟಿಪ್ಪಣಿಯೊಂದಿಗೆ ದಾಖಲಿಸಲು ‘ಕಮಿಟ್’, ಇತರರದ್ದನ್ನು ತರಲು ‘ಪುಲ್’, ನಮ್ಮದನ್ನು ಕಳಿಸಲು ‘ಪುಶ್’. ಬಂದಾಗ ಪುಲ್, ಹೋಗುವಾಗ ಪುಶ್ ಎಂದು ಮಕ್ಕಳೇ ಗೋಡೆಗೆ ಬರೆದು ಅಂಟಿಸಿದರು.

ಪ್ರೋಗ್ರಾಂ ಅವರ ಊರಿನದ್ದೇ. 1901ರಲ್ಲಿ ಕಟ್ಟಿದ ಕಾಪು ದೀಪಸ್ತಂಭದ ಮೇಲೆ ನಿಂತರೆ ಸಮುದ್ರದಲ್ಲಿ ಎಷ್ಟು ದೂರ ಕಾಣುತ್ತದೆ? ಭೂಮಿಯ ತ್ರಿಜ್ಯ 6371 ಕಿ.ಮೀ. ಎಂದಿಟ್ಟು ಪೈಥಾಗೊರಸ್ ಪ್ರಮೇಯ ಬಳಸಿದರೆ, ಮೀಟರ್‌ಗಳಲ್ಲಿ ಕೊಟ್ಟ ಎತ್ತರದ ವರ್ಗಮೂಲವನ್ನು 3.57ರಿಂದ ಗುಣಿಸಿದಾಗ ದೂರ ಕಿಲೋಮೀಟರ್‌ಗಳಲ್ಲಿ ಸಿಗುತ್ತದೆ. ಐದು ಸಾಲುಗಳ ಪ್ರೋಗ್ರಾಂ. ಸ್ಕ್ರ್ಯಾಚ್‌ನಲ್ಲಿ ಮಾಡಿಸಬಹುದಿತ್ತು, ಆದರೆ ಸ್ಕ್ರ್ಯಾಚ್ ಕಡತ ಜಿಪ್ ಮಾಡಿದ ಗಂಟು. ಅದರೊಳಗೆ ಯಾವ ಸಾಲು ಬದಲಾಯಿತೆಂದು ಗಿಟ್ ತೋರಿಸಲಾರದು.

ಎರಡನೇ ಅವಧಿಯಲ್ಲಿ ಬೇಕೆಂದೇ ಎರಡು ಬೆಂಚುಗಳಿಗೆ ಒಂದೇ ಸಾಲನ್ನು ಕೊಟ್ಟೆ: ಎತ್ತರದ ಸಾಲು. ಬೆಂಚು 2 ಗೋಪುರದ ಎತ್ತರ 27 ಮೀಟರ್ ಎಂದು ಬರೆದು ಪುಶ್ ಮಾಡಿತು. ಬೆಂಚು 5 ಪುಶ್ ಮಾಡಹೊರಟರೆ ಗಿಟ್ ನಿರಾಕರಿಸಿತು. ನೀವು ನೋಡದ ಬದಲಾವಣೆ ಅಲ್ಲಿದೆ, ಮೊದಲು ತಂದುಕೊಳ್ಳಿ ಎಂಬುದು ಅದರ ಸಂದೇಶದ ಅರ್ಥ. ಹಿಂದಿನ ವಾರದ ಪೇಸ್ಟ್ ಇಷ್ಟು ಕೇಳಿದ್ದರೆ ಆ ಹುಡುಗಿಯ ಕಡತ ಉಳಿಯುತ್ತಿತ್ತು. ಇದನ್ನು ನಾನು ಹೇಳಬೇಕಾಗಲಿಲ್ಲ. “ಟೀಚರ್, ಇದು ಕೇಳದೆ ಅಳಿಸುವುದಿಲ್ಲ ಅಲ್ವಾ?” ಎಂದು ಅವಳೇ ಕೇಳಿದಳು.

ಪುಲ್ ಮಾಡಿದಾಗ ಕಡತದೊಳಗೆ ಎರಡೂ ಸಾಲುಗಳು ಬಂದು ಕುಳಿತವು. ಮೇಲೆ ಏಳು ಬಾಣದ ಗುರುತು, ನಡುವೆ ಏಳು ಸಮ ಚಿಹ್ನೆ, ಕೆಳಗೆ ಮತ್ತೆ ಏಳು ಬಾಣ. ಬೆಂಚು 5 ಬರೆದದ್ದು 37. ಗೋಪುರ ನಿಂತಿರುವುದು ಬಂಡೆಯ ಮೇಲೆ, ಬಂಡೆಗೆ ಅಂದಾಜು 10 ಮೀಟರ್ ಸೇರಿಸಬೇಕು ಎಂಬುದು ಅವರ ವಾದ. ಒಂದರ ಉತ್ತರ 18.5 ಕಿ.ಮೀ., ಇನ್ನೊಂದರದ್ದು 21.7. ಸರಿಯಾದದ್ದು ಯಾವುದೆಂದು ಗಿಟ್‌ಗೆ ಗೊತ್ತಿಲ್ಲ. ಸೂತ್ರದಲ್ಲಿರುವ ಎತ್ತರ ಗೋಪುರದ್ದೋ ಸಮುದ್ರಮಟ್ಟದಿಂದ ಕಣ್ಣಿನವರೆಗಿನದ್ದೋ ಎಂದು ಮಕ್ಕಳು ಚಿತ್ರ ಬರೆದು ನೋಡಬೇಕಾಯಿತು. “ಬೋಟಿನವರಿಗೆ ಮೂರು ಕಿಲೋಮೀಟರ್ ಸಣ್ಣದಲ್ಲ” ಎಂದವನು ಮೀನುಗಾರರ ಮನೆಯ ಹುಡುಗ. ಹದಿನೈದು ನಿಮಿಷದ ವಾದದ ಬಳಿಕ ಗೋಪುರ, ಬಂಡೆ ಎಂದು ಎರಡು ಚರಗಳನ್ನು ಇಟ್ಟು ಕೂಡಿಸಿದರು. ಇಬ್ಬರದ್ದೂ ಅಳಿಯಲಿಲ್ಲ. ಅವಲೋಕನ ಪುಸ್ತಕದಲ್ಲಿ ‘ಆದೇಶಗಳಿಗಿಂತ ಚರ್ಚೆಗೆ ಹೆಚ್ಚು ಸಮಯ ಹೋಯಿತು’ ಎಂಬ ಷರಾ ಬಿದ್ದಿದೆ. ನನ್ನ ಮಟ್ಟಿಗೆ ಪಾಠ ನಡೆದದ್ದೇ ಆ ಹದಿನೈದು ನಿಮಿಷಗಳಲ್ಲಿ.

ಮೌಲ್ಯಮಾಪನಕ್ಕೆ ಪ್ರಶ್ನೆಪತ್ರಿಕೆ ಕೊಡಲಿಲ್ಲ. ‘ಲಾಗ್’ ತೆರೆದು ಟಿಪ್ಪಣಿಗಳನ್ನು ಓದಿಸಿದೆ. ಮೊದಲ ಅವಧಿಯವು ಹೆಚ್ಚಾಗಿ ‘ಸರಿ ಮಾಡಿದೆ’, ‘ಮುಗಿಯಿತು’ ಎಂಬಂಥವು. ಎರಡನೆಯದರಲ್ಲಿ ‘ಬಂಡೆಯ ಎತ್ತರ ಸೇರಿಸಿದೆ, ಅಂದಾಜು’ ಎಂಬುದು ಬಂತು. ಆ ‘ಅಂದಾಜು’ ಎಂಬ ಪದಕ್ಕೆ ನಾನು ಒಂದು ಅಂಕ ಹೆಚ್ಚು ಕೊಟ್ಟೆ.

ಮುಂದಿನ ವಾರ ಕಾರ್ಕಳದಲ್ಲಿ, ನನ್ನ ಮನೆಯ ಹತ್ತಿರದ ಶಾಲೆಯಲ್ಲಿ, ಅದೇ ಪಾಠದ ಸರದಿ. ಪೆನ್‌ಡ್ರೈವ್ ನನ್ನ ಚೀಲದಲ್ಲಿ ಹೋಯಿತು. ಕಾಪುವಿನ ವಾದವೆಲ್ಲ ಅಲ್ಲಿನ ಮಕ್ಕಳ ಪರದೆಯಲ್ಲಿ ಮೂಡಿತು. ಅವರ ಪ್ರಶ್ನೆ ಬೇರೆ: ನಮ್ಮ ಗುಡ್ಡದಿಂದ ಸಮುದ್ರ ಕಾಣಬೇಕಾದರೆ ಎಷ್ಟು ಎತ್ತರ ಬೇಕು? ಸೂತ್ರವನ್ನು ತಿರುಗಿಸಿ ಹೊಸ ಫಂಕ್ಷನ್ ಬರೆದರು. 35 ಕಿ.ಮೀ. ಕೊಟ್ಟರೆ 96 ಮೀಟರ್ ಬಂತು. ನಡುವಿನ ಗುಡ್ಡ, ಮರಗಳನ್ನು ಇದು ಲೆಕ್ಕಿಸುವುದಿಲ್ಲ ಎಂದು ಟಿಪ್ಪಣಿಯಲ್ಲಿ ಬರೆದು ಪುಶ್ ಮಾಡಿದರು.

ಸೋಮವಾರ ಕಾಪುವಿನಲ್ಲಿ ಪುಲ್ ಮಾಡಿದಾಗ ಆ ಟಿಪ್ಪಣಿ ಆರೂ ಕಂಪ್ಯೂಟರ್‌ಗಳಿಗೆ ಬಂತು. ಬೆಂಚು 5ರವರು ಅದನ್ನು ಓದಿ, ಸಮುದ್ರದ ಮೇಲೆ ಮರಗಳಿಲ್ಲ ಎಂದು ಉತ್ತರ ಕಮಿಟ್ ಮಾಡಿದ್ದಾರೆ.