ಸುದ್ದಿ ಕಳುಹುವ ವಸ್ತುಗಳು

ಕಳೆದ ವರುಷ ನಮ್ಮ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಹೊಸದೊಂದು ಕೈಗಡಿಯಾರವನ್ನು ಕಟ್ಟಿಕೊಂಡು ಶಾಲೆಗೆ ಬಂದಳು. ಅದು ಹೊತ್ತನ್ನು ತೋರಿಸುವುದಲ್ಲದೆ, ತೊಟ್ಟವಳು ಎಲ್ಲಿರುವಳೆಂಬುದನ್ನು ತಾಯಿಯ ಮೊಬೈಲಿಗೆ ತಿಳಿಸುತ್ತಿತ್ತು. ತಾಯಿಯು ಬಯಸಿದಾಗಲೆಲ್ಲಾ ಸದ್ದಿಲ್ಲದೆ ತರಗತಿಯ ಮಾತನ್ನೂ ಅವರಿಗೆ ಕೇಳಿಸುತ್ತಿತ್ತು. ಈ ಎರಡನೆಯ ಸಂಗತಿಯು ಹುಡುಗಿಗೆ ತಿಳಿದಿರಲಿಲ್ಲ. ಪಾಠ ಹೇಳುತ್ತಿದ್ದ ಉಪಾಧ್ಯಾಯಿನಿಯರಿಗೂ ತಿಳಿದಿರಲಿಲ್ಲ. ತಿಳಿದ ದಿನ ನಾವು ಆ ತಾಯಿಯನ್ನು ಬರಮಾಡಿಕೊಂಡು ಬಹಳ ಹೊತ್ತು ಮಾತಾಡಿದೆವು. ಆಗ ಹೇಳಿದುದನ್ನೂ, ಹೇಳಲು ತೋಚದೆ ಆಮೇಲೆ ವಿಚಾರಿಸಿ ಅರಿತುಕೊಂಡುದನ್ನೂ ಇಲ್ಲಿ ಬರೆಯುತ್ತೇವೆ.

ಇಂಥ ವಸ್ತುಗಳ ಜಾಲಕ್ಕೆ ‘ಇಂಟರ್‌ನೆಟ್ ಆಫ್ ಥಿಂಗ್ಸ್’ ಎಂಬ ಹೆಸರನ್ನು ೧೯೯೯ರಲ್ಲಿ ಕೆವಿನ್ ಆಷ್ಟನ್ ಎಂಬ ಆಂಗ್ಲರು ಬಳಕೆಗೆ ತಂದರು. ಹೆಸರು ದೊಡ್ಡದು, ಒಳಗಿನ ಏರ್ಪಾಡು ಸರಳವಾದುದು. ಶಾಖವನ್ನೋ ಅಲುಗಾಟವನ್ನೋ ಶಬ್ದವನ್ನೋ ಅರಿಯುವ ಒಂದು ಇಂದ್ರಿಯ, ಅರಿತುದನ್ನು ಅಂಕಿಗಳಾಗಿ ಮಾಡುವ ಒಂದು ಪುಟ್ಟ ಕಂಪ್ಯೂಟರು, ಆ ಅಂಕಿಗಳನ್ನು ದೂರಕ್ಕೆ ಒಯ್ಯುವ ಇಂಟರ್‌ನೆಟ್ಟು, ಇಷ್ಟೇ. ಹೆಸರು ಹುಟ್ಟುವ ಮೊದಲೇ ವಸ್ತುವು ಹುಟ್ಟಿತ್ತು. ಅಮೇರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ೧೯೮೦ರ ದಶಕದ ಆರಂಭದಲ್ಲಿಯೇ ಕಂಪ್ಯೂಟರ್ ವಿಭಾಗದವರು ಕೋಕಾ ಕೋಲಾ ಮಾರುವ ಯಂತ್ರಕ್ಕೆ ತಂತಿ ಜೋಡಿಸಿದ್ದರು. ಅಷ್ಟು ದೂರ ನಡೆದು ಹೋಗಿ ನೋಡಿದರೆ ಯಂತ್ರವು ಬರಿದಾಗಿರುವುದು, ಇಲ್ಲವೆ ಶೀಷೆಯು ಇನ್ನೂ ಬೆಚ್ಚಗಿರುವುದು. ಈ ಬೇಸರವೇ ಅದಕ್ಕೆ ಕಾರಣ. ಶೀಷೆಗಳುಂಟೋ, ತಣ್ಣಗಾಗಿವೆಯೋ ಎಂಬುದನ್ನು ತಂತಮ್ಮ ಕೊಠಡಿಯಲ್ಲಿ ಕುಳಿತೇ ತಿಳಿಯುವಂತಾಯಿತು. ಸೋಮಾರಿತನದಿಂದಲೂ ವಿದ್ಯೆಯು ಬೆಳೆಯುವುದುಂಟೆಂದು ದಯವಿಟ್ಟು ನಮ್ಮ ಹುಡುಗಿಯರಿಗೆ ಹೇಳಬೇಡಿರಿ.

ಕಾರ್ಖಾನೆಗಳಲ್ಲಿ ಇದರಿಂದಾದ ಪ್ರಯೋಜನವು ಬಹಳ. ಬೆಂಗಳೂರಿನಲ್ಲಿ ಇಂಜಿನಿಯರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ವಾರ್ಷಿಕೋತ್ಸವಕ್ಕೆ ಬಂದಿದ್ದಾಗ ಇದನ್ನು ನಮಗೆ ಬಿಡಿಸಿ ಹೇಳಿದಳು. ತಿರುಗುವ ಯಂತ್ರದ ಭಾರವನ್ನು ಹೊರುವುದು ಬೇರಿಂಗು. ಅದರೊಳಗೆ ಎಲ್ಲಾದರೂ ಕೂದಲೆಳೆಯಷ್ಟು ಬಿರುಕು ಬಿಟ್ಟರೆ, ಉಕ್ಕಿನ ಗುಂಡುಗಳು ಅದರ ಮೇಲೆ ಹಾಯುವಾಗಲೆಲ್ಲಾ ಒಂದು ಸಣ್ಣ ಪೆಟ್ಟು ಬೀಳುವುದು. ಹಿಂದಿನ ಮೇಸ್ತ್ರಿಗಳು ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೆ ಊರಿ, ಹಿಡಿಯನ್ನು ಕಿವಿಗಿಟ್ಟು ಈ ಪೆಟ್ಟನ್ನು ಆಲಿಸುತ್ತಿದ್ದರು. ಈಗ ಯಂತ್ರಕ್ಕೆ ಅಂಟಿಸಿದ ಮಾಪಕವು ಹಗಲಿರುಳೂ ಆಲಿಸುತ್ತದೆ. ಯಂತ್ರವು ಮುರಿದು ನಿಲ್ಲುವುದಕ್ಕೆ ಎಷ್ಟೋ ದಿನ ಮುಂಚಿತವಾಗಿಯೇ ಸುದ್ದಿ ಕಳುಹುತ್ತದೆ. ಇದಿಲ್ಲದಿದ್ದಾಗ ಎರಡೇ ದಾರಿಗಳಿದ್ದುವು: ಕೆಡುವ ತನಕ ಓಡಿಸುವುದು, ಇಲ್ಲವೆ ಗಡುವು ತೀರಿತೆಂದು ಚೆನ್ನಾಗಿರುವುದನ್ನೂ ಬಿಸಾಡುವುದು. “ಅಮ್ಮಾ, ನಮ್ಮ ಮೇಸ್ತ್ರಿಗಳು ಈಗಲೂ ಒಮ್ಮೆ ಕಿವಿಯಿಟ್ಟೇ ನೋಡುತ್ತಾರೆ” ಎಂದು ಅವಳು ನಕ್ಕಳು. ಆ ಮೇಸ್ತ್ರಿಗಳ ಮೇಲೆ ನಮಗೆ ಗೌರವ ಹುಟ್ಟಿತು.

ಹಳ್ಳಿಯ ಸಂಗತಿಯನ್ನು ನಮ್ಮ ಬೋರ್ಡಿಂಗಿನ ಹುಡುಗಿಯರೇ ಬಲ್ಲರು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ನಡುರಾತ್ರಿಯಲ್ಲಿ ಬಂದರೆ, ತಂದೆಯು ಟಾರ್ಚು ಹಿಡಿದು ಹಾವು ಚೇಳುಗಳ ಭಯದಲ್ಲಿ ತೋಟಕ್ಕೆ ಹೋಗಬೇಕು. ಮೊಬೈಲಿನ ಸ್ಟಾರ್ಟರನ್ನು ಹಾಕಿಸಿಕೊಂಡವರು ಮನೆಯಿಂದಲೇ ಮೋಟಾರನ್ನು ಚಾಲೂ ಮಾಡುತ್ತಾರೆ. ಹೆದ್ದಾರಿಯ ಟೋಲಿನಲ್ಲಿ ೨೦೨೧ರ ಫೆಬ್ರವರಿಯಲ್ಲಿ ಕಡ್ಡಾಯವಾದ ಫಾಸ್ಟ್ಯಾಗ್ ಚೀಟಿಯೂ ಇವುಗಳ ನಂಟಿನದೇ.

ಆದರೆ ಬೇರಿಂಗಿನ ಸುದ್ದಿಯನ್ನು ಕಳುಹುವುದು ಬೇರೆ, ಮಗುವಿನ ಸುದ್ದಿಯನ್ನು ಕಳುಹುವುದು ಬೇರೆ. ಜರ್ಮನಿಯಲ್ಲಿ ‘ಕೇಲಾ’ ಎಂಬ ಮಾತಾಡುವ ಗೊಂಬೆಯನ್ನು ಮಾರುತ್ತಿದ್ದರು. ಮಗುವು ಕೇಳಿದ ಪ್ರಶ್ನೆಯು ಮೊಬೈಲಿನ ಮೂಲಕ ದೂರಕ್ಕೆ ಹೋಗಿ ಉತ್ತರವಾಗಿ ಹಿಂದಿರುಗುತ್ತಿತ್ತು. ಸಮೀಪದಲ್ಲಿ ನಿಂತ ಅಪರಿಚಿತನೂ ತನ್ನ ಮೊಬೈಲನ್ನು ಅದಕ್ಕೆ ಜೋಡಿಸಿ ಮಗುವಿನ ಮಾತನ್ನು ಆಲಿಸಬಹುದಾಗಿತ್ತು. ೨೦೧೭ರ ಫೆಬ್ರವರಿಯಲ್ಲಿ ಅಲ್ಲಿಯ ಸರಕಾರಿ ಇಲಾಖೆಯು ಅದನ್ನು ಗುಪ್ತವಾಗಿ ಆಲಿಸುವ ಯಂತ್ರವೆಂದೆಣಿಸಿ ನಿಷೇಧಿಸಿತು. ಅದೇ ವರುಷದ ನವೆಂಬರಿನಲ್ಲಿ, ಗುಟ್ಟಾಗಿ ಆಲಿಸುವ ಮಕ್ಕಳ ಗಡಿಯಾರಗಳಿಗೂ ಅದೇ ಗತಿಯಾಯಿತು. ತಾಯಿತಂದೆಗಳು ಅವುಗಳಿಂದ ಉಪಾಧ್ಯಾಯರ ಪಾಠವನ್ನು ಆಲಿಸುತ್ತಿದ್ದುದೂ ಆಗ ಹೊರಬಿತ್ತು. ನಮ್ಮ ಕಷ್ಟವು ನಮ್ಮೊಬ್ಬರದೇ ಅಲ್ಲವೆಂದು ಸ್ವಲ್ಪ ಸಮಾಧಾನವಾಯಿತು.

ಇನ್ನೊಂದು ಅಪಾಯವೂ ಉಂಟು. ೨೦೧೬ರಲ್ಲಿ ‘ಮಿರಾಯ್’ ಎಂಬ ದುಷ್ಟ ಪ್ರೋಗ್ರಾಮು ಕಾರ್ಖಾನೆಯಲ್ಲಿಯೇ ಇಟ್ಟ ೬೦ರಷ್ಟು ಪಾಸ್‌ವರ್ಡುಗಳನ್ನು ಒಂದೊಂದಾಗಿ ಪ್ರಯೋಗಿಸಿ, ಲಕ್ಷಾಂತರ ಕ್ಯಾಮೆರಾ ಮೊದಲಾದುವುಗಳೊಳಗೆ ಹೊಕ್ಕಿತು. ಆ ವರುಷದ ಅಕ್ಟೋಬರ್ ೨೧ರಂದು ಅಮೇರಿಕದಲ್ಲಿ ಟ್ವಿಟ್ಟರ್, ನೆಟ್‌ಫ್ಲಿಕ್ಸ್ ಮುಂತಾದುವು ಕೆಲವು ಗಂಟೆಗಳ ಕಾಲ ಸಿಕ್ಕದೆ ಹೋದುದು ಈ ಕ್ಯಾಮೆರಾಗಳ ದೆಸೆಯಿಂದ. ಮನೆಗೆ ಕ್ಯಾಮೆರಾ ತಂದವರು ಅಂದೇ ಪಾಸ್‌ವರ್ಡನ್ನು ಬದಲಾಯಿಸಬೇಕು.

ಆ ತಾಯಿಯ ಮಾತನ್ನೂ ಹೇಳಬೇಕು. “ಬಸ್ಸಿಳಿದು ಒಂದು ಮೈಲಿ ಒಂಟಿಯಾಗಿ ನಡೆಯುತ್ತಾಳೆ, ಮೇಡಂ. ಮನೆ ಮುಟ್ಟುವ ತನಕ ನನಗೆ ಜೀವ ನಿಲ್ಲದು” ಎಂದರು. ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ದಾರಿಯ ಸುದ್ದಿಯನ್ನು ಬೇಡವೆನ್ನುವುದಿಲ್ಲವೆಂದೂ, ಯಾವ ಸುದ್ದಿಯು ಹೋಗುವುದೆಂಬುದನ್ನು ಮಗಳು ತಿಳಿದಿರಬೇಕೆಂದೂ ಹೇಳಿದೆವು. ಡಿಜಿಟಲ್ ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ೨೦೨೩ರಲ್ಲಿ ಆದ ನಮ್ಮ ದೇಶದ ಕಾಯಿದೆಯು, ೧೮ ವರುಷ ತುಂಬದವರ ಮಾಹಿತಿಗೆ ತಾಯಿತಂದೆಗಳ ಒಪ್ಪಿಗೆಯನ್ನು ಕೇಳುತ್ತದೆ. ಹದಿಮೂರು ವರುಷದ ಹುಡುಗಿಯನ್ನೂ ಒಂದು ಮಾತು ಕೇಳುವುದು ಒಳ್ಳೆಯದೆಂಬುದು ನಮ್ಮ ಅಭಿಪ್ರಾಯ. ಅವಳು ತನ್ನ ಗೆಳತಿಯೊಡನೆ ಆಡಿದ ಗುಟ್ಟಿನ ಮಾತುಗಳೂ ಮನೆಗೆ ತಲುಪಿದ್ದುವೆಂದು ತಿಳಿದಾಗ ಅವಳು ಅತ್ತ ಅಳುವನ್ನು ನಾವು ಕಂಡಿದ್ದೇವೆ.

ತಾಯಿಯು ಆಲಿಸುವ ಏರ್ಪಾಡನ್ನು ಮಗಳ ಎದುರಿನಲ್ಲಿಯೇ ನಿಲ್ಲಿಸಿದರು. ಗಡಿಯಾರವು ಈಗಲೂ ಅವಳ ಕೈಯಲ್ಲಿದೆ. ಬೆಳಿಗ್ಗೆ ಅದನ್ನು ತಂದು ನಮ್ಮ ಆಫೀಸಿನ ಬೀರುವಿನಲ್ಲಿಟ್ಟು, ಸಂಜೆ ಬಸ್ಸಿನ ವೇಳೆಗೆ ತಾನಾಗಿ ಕಟ್ಟಿಕೊಂಡು ಹೋಗುತ್ತಾಳೆ. ಬೀರುವಿನ ಬಾಗಿಲನ್ನು ಮಾತ್ರ ನಾವು ಚೆನ್ನಾಗಿ ಮುಚ್ಚುತ್ತೇವೆ, ಆಫೀಸಿನಲ್ಲಿಯೂ ಮಾತುಕತೆಗಳಿರುವುವಷ್ಟೆ.